ಎಡಗಿವಿಯ ಹತ್ತಿ

ಜಗತ್ತಿನಲ್ಲಿ ಪ್ರಸಿದ್ಧವಾದ ಕಿವಿಗಳು ಬಹಳ ಕಡಿಮೆ. ಕಣ್ಣುಗಳ ಮೇಲೆ ಕವಿಗಳು ರಾಶಿ ರಾಶಿ ಕಾಗದ ಖರ್ಚು ಮಾಡಿದ್ದಾರೆ. ಮೂಗಿಗೂ ಅಲ್ಲೊಂದು ಇಲ್ಲೊಂದು ಸಾಲು ಸಿಕ್ಕಿದೆ. ಕಿವಿಗೆ ಮಾತ್ರ ಓಲೆಯ ನೆಪದಲ್ಲಿ ಸಿಕ್ಕಿದ್ದಷ್ಟೇ ಭಾಗ್ಯ. ಈ ಅನ್ಯಾಯವನ್ನು ಸರಿಪಡಿಸಲೆಂದೇ ಹುಟ್ಟಿದ ಹಾಗೆ ನಮ್ಮ ಬೀದಿಯಲ್ಲೊಂದು ಕಿವಿಯಿದೆ. ಎಡಗಿವಿ. ಹಾಸಿಗೆ ಅಂಗಡಿಯ ಹತ್ತಿಯಣ್ಣನದು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಸಂಜೆ ಹಾಕುವವರೆಗೆ ಅದರಲ್ಲಿ ಗೋಲಿ ಗಾತ್ರದ ಬಿಳಿ ಹತ್ತಿ ಕೂತಿರುತ್ತದೆ. ಬಲಗಿವಿ ನಿಮ್ಮ ನಮ್ಮ ಕಿವಿಯಂತೆ ಖಾಲಿ.

ಈ ಹತ್ತಿಯನ್ನು ನೋಡಲು ಜನ ಸಮುದ್ರ ದಾಟಿ ಬಂದಿದ್ದಾರೆ. ಅದರ ಮುಂದೆ ಮೌನವಾಗಿ ನಿಂತಿದ್ದಾರೆ. ಒಬ್ಬಾಕೆ ಕಣ್ಣೀರು ಒರೆಸಿಕೊಂಡು, ಅದೇ ಕರವಸ್ತ್ರವನ್ನು ಹತ್ತಿಯಣ್ಣನ ಕಿವಿಗೆ ಮುಟ್ಟಿಸಿಕೊಂಡು ಹೋಗಿದ್ದಾಳೆ. ಆ ಹತ್ತಿಯ ಹಿಂದೆ, ಕಿವಿಯ ಒಳಗೆ, ಲೋಕವೇ ತಲೆದೂಗುವ ಆ ನಾಲ್ವರ ಬ್ಯಾಂಡಿನ ಮೊಟ್ಟಮೊದಲ ಹಾಡು ಇನ್ನೂ ಇದೆಯಂತೆ. ಆಚೆ ಹೋಗದಿರಲಿ ಎಂದು ಅವನು ಬಿರಡೆ ಹಾಕಿದ್ದಾನಂತೆ. ಹಾಗಲ್ಲ, ಆ ಹಾಡು ಕೇಳಿದ ಮೇಲೆ ಆ ಕಿವಿಗೆ ಇನ್ನೇನೂ ರುಚಿಸದೆ ಅದು ತಾನೇ ಬಾಗಿಲು ಹಾಕಿಕೊಂಡಿತು ಎನ್ನುವವರೂ ಇದ್ದಾರೆ. ಇದರಲ್ಲಿ ಯಾವುದು ನಿಜ ಎಂದು ಹತ್ತಿಯಣ್ಣನನ್ನೇ ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಮಾತಾಡುವ ಅವನ ಅಕ್ಕ ಪಕ್ಕದಲ್ಲೇ ಇರುವಾಗ, ಮಾತಾಡದ ಅವನನ್ನು ಯಾರು ಕೇಳುತ್ತಾರೆ?

ನಮ್ಮ ಊರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆ ನಾಲ್ವರು ಉದ್ದ ಕೂದಲು ಬಿಟ್ಟುಕೊಂಡು ಇಲ್ಲೇ ಅಲೆಯುತ್ತಿದ್ದಾಗ ಅವರಿಗೆ ಒಂದು ಲೋಟ ನೀರು ಕೊಟ್ಟವರಿರಲಿಲ್ಲ. ಅವರು ಪ್ರಸಿದ್ಧರಾದ ಮೇಲೆ ಅವರಿಗೆ ಊಟ ಹಾಕದವರು ಊರಲ್ಲಿ ಯಾರೂ ಉಳಿದಿಲ್ಲ. ಬೇಕರಿಯವನ ಗಾಜಿನ ಪೆಟ್ಟಿಗೆಯಲ್ಲಿ ಹಾಡುಗಾರ ಕಚ್ಚಿಟ್ಟ ಬನ್ನು ಇದೆ. ಅದು ಅಷ್ಟು ವರ್ಷಗಳಿಂದ ಕೆಡದೆ ಇರುವುದನ್ನು ನೋಡಿ ಬೇಕರಿಯ ಗಿರಾಕಿಗಳು ಕಡಿಮೆಯಾಗಿದ್ದಾರೆಯೇ ಹೊರತು ಪ್ರವಾಸಿಗಳು ಕಡಿಮೆಯಾಗಿಲ್ಲ. ಬೀದಿಯ ಮೂಲೆಯ ಕ್ಷೌರದಂಗಡಿಯಲ್ಲಿ ಡ್ರಮ್ ಬಾರಿಸುವವನ ಕೂದಲು ಸೀಸೆಯಲ್ಲಿದೆ. ಬಂದವರಿಗೆಲ್ಲ ಅದರಿಂದ ಒಂದೊಂದು ಎಳೆ ಪ್ರಸಾದದಂತೆ ಹಂಚಿದರೂ ಸೀಸೆ ಖಾಲಿಯಾಗಿದ್ದನ್ನು ಕಂಡವರಿಲ್ಲ. ಒಮ್ಮೊಮ್ಮೆ ಬಣ್ಣ ಬದಲಾಗುತ್ತದೆ, ಅಷ್ಟೇ. ಆ ಕ್ಷೌರಿಕನನ್ನು ನಾವು ಕತ್ತರಿ ಎನ್ನುತ್ತೇವೆ. ಅವನ ಕೈಗಿಂತ ನಾಲಿಗೆ ಹೆಚ್ಚು ಹರಿತ ಎಂಬ ಕಾರಣಕ್ಕೆ.

ಈ ಎಲ್ಲ ಸುಳ್ಳುಗಳ ನಡುವೆ ಒಂದೇ ಒಂದು ನಿಜ ಇತ್ತು. ಅದು ಹತ್ತಿಯಣ್ಣನ ಅಂಗಡಿಯ ಹಿಂದಿನ ಹತ್ತಿ ಗೋದಾಮು. ಆ ನಾಲ್ವರು ಮೊದಲು ವಾದ್ಯ ಹಿಡಿದು ಕೂತದ್ದು ಅಲ್ಲಿ, ಹತ್ತಿ ಮೂಟೆಗಳ ಮೇಲೆ. ಇದು ಅವರೇ ಹೇಳಿದ ಮಾತು, ಹಾಗಾಗಿ ಕತ್ತರಿಯೂ ಅಲ್ಲಗಳೆಯುವಂತಿರಲಿಲ್ಲ.

ಹತ್ತಿಯಣ್ಣನಿಗೆ ಈ ನಿಜದಿಂದ ಆದ ಲಾಭ ಒಂದು ಟಿಕೆಟ್ಟು. ಬ್ಯಾಂಡಿನವರು ಲೋಕವನ್ನೆಲ್ಲ ಗೆದ್ದು ಪಕ್ಕದ ದೊಡ್ಡ ಊರಿನ ಮೈದಾನದಲ್ಲಿ ಹಾಡಲು ಬಂದಾಗ ಅವನಿಗೆ ಮುಂದಿನ ಸಾಲಿನ ಟಿಕೆಟ್ಟು ಕಳಿಸಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬಂದ. ಬೀದಿಯೆಲ್ಲ ಬಾಗಿಲಲ್ಲಿ ಕಾದು ನಿಂತು, ಹೇಗಿತ್ತು ಅಂತ ಕೇಳಿತು. "ಕುರ್ಚಿ ತುಂಬಾ ಗಟ್ಟಿ" ಎಂದ. ಆಮೇಲೆ ಆ ವಿಷಯ ಎತ್ತಲಿಲ್ಲ. ಅವನು ಮನುಷ್ಯರನ್ನೂ ಹಾಗೇ ಅಳೆಯುವವನು. ಹೊಸಬರು ಯಾರೇ ಬಂದರೂ ಮೊದಲು ಕುತ್ತಿಗೆ ನೋಡುತ್ತಾನೆ, ಎತ್ತರದ ದಿಂಬಿನವರೋ ತಗ್ಗು ದಿಂಬಿನವರೋ ಎಂದು. ಹೆಸರು ಕೇಳುವುದಿಲ್ಲ.

ಅಕ್ಕನ ಬಾಯಿ ಇದಕ್ಕೆ ತದ್ವಿರುದ್ಧ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಂಗಡಿಯ ಮೇಲಿನ ಕೋಣೆಗಳಿಗೆ ಸುಣ್ಣ ಬಳಿಸಿ, ಬ್ಯಾಂಡಿನ ಊರು ನೋಡಲು ಬರುವವರಿಗೆ ಇಳಿದುಕೊಳ್ಳಲು ಕೊಡುತ್ತೇನೆಂದು ಹೊರಟವಳು ಅವಳು. ಕೋಣೆಗಳಿಗೆ ತಮ್ಮ ಹಾಸಿಗೆ ದಿಂಬು ಹೊಲಿದ. ಅಕ್ಕ ಕಥೆ ಹೊಲಿದಳು. ಕಿವಿಯ ಕಥೆ ಅವಳ ಕೈಕೆಲಸ. ಒಂದೊಂದು ಗಿರಾಕಿಗೆ ಒಂದೊಂದು ಅಳತೆ. ಸಾಹಿತ್ಯ ಓದಿದವರು ಬಂದರೆ ಕಥೆಯಲ್ಲಿ ಬೆಳದಿಂಗಳು ಬರುತ್ತಿತ್ತು, ವೈದ್ಯರು ಬಂದರೆ ಕಿವಿಯ ನರ ಬರುತ್ತಿತ್ತು. ಕೆಳಗೆ ಹತ್ತಿ ಹಿಂಜುವ ಸದ್ದಿನಲ್ಲಿ ಕೂತ ಹತ್ತಿಯಣ್ಣನಿಗೆ ಮೆಟ್ಟಿಲ ಮೇಲಿಂದ "ನಮ್ಮ ತಮ್ಮನ ಕಿವಿಲಿ ಹತ್ತಿ ಯಾಕಿದೆ ಅಂದ್ರೆ" ಎಂಬಷ್ಟು ಕೇಳಿಸುತ್ತಿತ್ತು. ಮುಂದಿನದು ಕೇಳಿಸುತ್ತಿರಲಿಲ್ಲ. ಕೇಳಿಸಿಕೊಳ್ಳುವ ಆಸೆಯೂ ಅವನಿಗೆ ಇದ್ದಂತಿರಲಿಲ್ಲ.

ಆದರೆ ಕಥೆಗೆ ಕಿವಿಗಳು ಬೇಕು, ಕಿವಿಗಳು ಬರುತ್ತಿದ್ದದ್ದು ಬಸ್ಸಿನಲ್ಲಿ. ಆ ಬಸ್ಸಿನ ಒಡತಿ ಒಬ್ಬ ಗಟ್ಟಿ ಹೆಂಗಸು. ಮೈಕು ಹಿಡಿದು ಊರು ತೋರಿಸುವವಳೂ ಅವಳೇ. ನಮ್ಮ ಬಾಯಲ್ಲಿ ಬಸ್ಸಮ್ಮ. ಅವಳ ಬಸ್ಸು ಬೀದಿಯ ಮೂಲೆಯಲ್ಲೇ, ಕತ್ತರಿಯ ಅಂಗಡಿಯ ಮುಂದೆ ತಿರುಗಿಕೊಂಡು ಹೋಗಿಬಿಡುತ್ತಿತ್ತು. ಇಳಿದವರು ಕೂದಲು ನೋಡುವಷ್ಟರಲ್ಲಿ ಹೊತ್ತಾಗುತ್ತಿತ್ತು. ಹಾಸಿಗೆ ಅಂಗಡಿಯವರೆಗೆ ನಡೆದು ಬರುತ್ತಿದ್ದವರು ದಾರಿ ತಪ್ಪಿದವರು ಮತ್ತು ನಿಜವಾದ ಹುಚ್ಚರು ಮಾತ್ರ. ಅಕ್ಕನ ಕೋಣೆಗಳಲ್ಲಿ ಹಾಸಿಗೆಗಳು ಯಾರೂ ಮಲಗದೆ ಮದುಮಗಳಂತೆ ಕೂತಿದ್ದವು.

ಇತ್ತ ಅಕ್ಕನ ಮಗಳು ತನ್ನ ಗಂಡನ ಮನೆಯಿಂದ ಫೋನಿನಲ್ಲಿ ಒಂದೇ ಸಮ. "ಅಮ್ಮಾ, ಸಾಕು ಈ ಹಠ. ಇಲ್ಲಿಗೆ ಬಂದುಬಿಡು. ಅತ್ತೆ ನಿನಗೆ ಅಂತಲೇ ಮೂಲೆ ಕೋಣೆ ಖಾಲಿ ಮಾಡಿಸಿದ್ದಾರೆ."

ಆ ಅತ್ತೆ, ಅಂದರೆ ಅಕ್ಕನ ಬೀಗಿತ್ತಿ, ಕೆಟ್ಟವಳಲ್ಲ. ತನ್ನ ಮನೆಯಲ್ಲಿ ಯಾರು ಯಾವಾಗ ಏಳಬೇಕು, ಯಾವ ಲೋಟದಲ್ಲಿ ಕಾಫಿ ಕುಡಿಯಬೇಕು, ಫ್ಯಾನು ಎಷ್ಟರಲ್ಲಿ ತಿರುಗಬೇಕು ಎಂಬುದನ್ನು ತಾನೇ ತೀರ್ಮಾನಿಸುವ ಹೆಂಗಸು. ನಮ್ಮ ಅಕ್ಕನೂ ಅದೇ ಜಾತಿಯವಳಾದ್ದರಿಂದ ಆ ಮನೆಯ ಗತಿ ಏನಾಗಬಹುದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಈ ಬೇಸಿಗೆ ಕಳೆಯುವಷ್ಟರಲ್ಲಿ ಕೋಣೆಗಳು ತುಂಬದಿದ್ದರೆ ಬರುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದಳು. ಬೇಸಿಗೆ ಕಳೆಯುತ್ತಾ ಬಂದಿತ್ತು. ಅಕ್ಕ ಒಂದು ಸೂಟ್‌ಕೇಸಿನ ಧೂಳು ಒರೆಸಿ ಮೆಟ್ಟಿಲ ಕೆಳಗಿಟ್ಟಿದ್ದಳು. ಹತ್ತಿಯಣ್ಣ ಬೆಳಿಗ್ಗೆ ಅದನ್ನು ನೋಡಿ, ಎತ್ತಿ, ಅಟ್ಟದ ಮೇಲೆ ಇಡುತ್ತಿದ್ದ. ಸಂಜೆ ಅವಳು ಇಳಿಸುತ್ತಿದ್ದಳು. ಇದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ತಮ್ಮ ಏನೂ ಆಡದಿದ್ದದ್ದರಲ್ಲಿ ವಿಶೇಷವಿಲ್ಲ. ಅಕ್ಕ ಆಡಲಿಲ್ಲ ಎಂಬುದನ್ನು ಮಾತ್ರ ಓದುಗರು ಗಮನಿಸಬೇಕು.

ಹೀಗಿರುವಾಗ ಸುದ್ದಿ ಬಂತು. ಬಸ್ಸಮ್ಮ ಇನ್ನು ಮುಂದೆ ಒಂದೇ ದಿನದಲ್ಲಿ ಊರು ತೋರಿಸಿ ಕಳಿಸುವುದಿಲ್ಲ, ಒಂದು ರಾತ್ರಿ ಉಳಿಸಿಕೊಳ್ಳುತ್ತಾಳೆ. ಉಳಿಯುವುದೆಲ್ಲಿ? ಕತ್ತರಿಯ ಭಾವಮೈದುನ ಹೊಸದಾಗಿ ಕಟ್ಟಿಸಿದ ಲಿಫ್ಟ್ ಇರುವ ಲಾಡ್ಜಿನಲ್ಲೋ, ಅಕ್ಕನ ಕೋಣೆಗಳಲ್ಲೋ? ತೀರ್ಮಾನಿಸಲು ಬಸ್ಸಮ್ಮ ಒಬ್ಬ ಅಭಿಮಾನಿಯನ್ನು ಕರೆತಂದಳು. ಎಲ್ಲೋ ದೂರದ ಊರಿನ ಹಲ್ಲಿನ ಡಾಕ್ಟರು, ಬ್ಯಾಂಡಿನ ಅಭಿಮಾನಿ ಸಂಘದ ಅಧ್ಯಕ್ಷರು. ಇವರು ಸೈ ಎಂದ ಕಡೆ ಸಂಘದವರೆಲ್ಲ ಕಣ್ಣು ಮುಚ್ಚಿಕೊಂಡು ಬರುತ್ತಾರೆ. ಸಣ್ಣಗೆ, ಬೆಳ್ಳಗೆ, ಯಾರು ಮಾತಾಡಿದರೂ ಕಣ್ಣು ಬಿಟ್ಟು ಬಾಯಿಯನ್ನೇ ನೋಡುವ ಮನುಷ್ಯ. ಒಂದು ರಾತ್ರಿ ಲಾಡ್ಜಿನಲ್ಲಿ ಮಲಗಿದರು. ಮರುದಿನ ಅಕ್ಕನ ಕೋಣೆಗೆ ಬಂದರು.

ಅಕ್ಕ ಆ ಸಂಜೆ ಅವರಿಗೆ ಕಿವಿಯ ಕಥೆಯ ಮಹಾ ಆವೃತ್ತಿಯನ್ನೇ ಹೇಳಿದಳು. ಬೆಳದಿಂಗಳೂ ಇತ್ತು, ನರವೂ ಇತ್ತು, ಹಲ್ಲಿನ ಡಾಕ್ಟರಾದ್ದರಿಂದ ದವಡೆಯಿಂದ ಕಿವಿಗೆ ಹೋಗುವ ಒಂದು ಸೂಕ್ಷ್ಮ ದಾರಿಯನ್ನೂ ಸೇರಿಸಿದಳು. ಡಾಕ್ಟರು ಕೈ ಮುಗಿದು ಮಲಗಲು ಹೋದರು. ಅಕ್ಕ ಕೆಳಗಿಳಿದು ತಮ್ಮನ ಎದುರು ನಿಂತಳು.

"ನೋಡು, ಬೆಳಿಗ್ಗೆ ಅವರು ನಿನ್ನ ಮಾತಾಡಿಸ್ತಾರೆ. ನೀನು ಬಾಯಿ ಬಿಡಬೇಡ. ಸುಮ್ನೆ ನಗು."

"ನಗು ಬರದಿದ್ರೆ?"

"ತಲೆ ಆಡಿಸು."

"ಯಾವ ಕಡೆಗೆ?"

"ಅಯ್ಯೋ, ನನ್ನ ಕರ್ಮ. ನನ್ನ ಮುಖ ನೋಡು, ನಾನು ಆಡಿಸಿದ ಕಡೆಗೆ ಆಡಿಸು. ಅಷ್ಟು ಮಾಡ್ತೀಯಾ ನನಗೋಸ್ಕರ?"

"ಹೂಂ" ಎಂದ ಹತ್ತಿಯಣ್ಣ. ಅವನ ಮಟ್ಟಿಗೆ ಅದು ಭಾಷಣ.

ಬೆಳಿಗ್ಗೆ ಅಂಗಡಿಯಲ್ಲಿ ಸಭೆ ಸೇರಿತು. ಹತ್ತಿಯಣ್ಣ ಚಾಪೆಯ ಮೇಲೆ ಕೂತು, ಹೊಸದಾಗಿ ತುಂಬಿದ ದಿಂಬೊಂದನ್ನು ಮಂಡಿಗಳ ನಡುವೆ ಹಿಡಿದು, ಡಬ್ಬಣದಿಂದ ಬಾಯಿ ಹೊಲಿಯುತ್ತಿದ್ದ. ಬಸ್ಸಮ್ಮ ಮಡಿಸಿಟ್ಟ ಹಾಸಿಗೆಯ ಮೇಲೆ ಕೂತಳು. ಡಾಕ್ಟರು ಕೂರಲಿಲ್ಲ. ಅಕ್ಕ ತಮ್ಮನಿಗೆ ಕಾಣುವಂತೆ ಎದುರಿನ ಕಂಬಕ್ಕೊರಗಿದಳು. ಕರೆಯದಿದ್ದರೂ ಕತ್ತರಿ ಬಂದಿದ್ದ. ಹೆಗಲ ಮೇಲಿನ ಟವೆಲ್ಲನ್ನು ನೋಡಿದರೆ ಅರ್ಧ ಬೋಳಿಸಿದ ಗಡ್ಡವೊಂದು ಮೂಲೆಯಂಗಡಿಯಲ್ಲಿ ಕಾಯುತ್ತಿತ್ತೆಂದು ಕಾಣುತ್ತದೆ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ, ಒಂದೇ ಪ್ರಶ್ನೆ. ಆಗ ಊರಲ್ಲಿ ಯಾರೂ ಅವರಿಗೆ ಜಾಗ ಕೊಟ್ಟಿರಲಿಲ್ಲ. ಎಲ್ಲರೂ ಅಟ್ಟಿಬಿಟ್ಟಿದ್ರು. ನೀವೊಬ್ರು ಗೋದಾಮಿನ ಬಾಗಿಲು ತೆಗೆದ್ರಿ. ಅವರಲ್ಲಿ ನೀವೇನು ಕಂಡ್ರಿ?"

ಹತ್ತಿಯಣ್ಣ ಅಕ್ಕನ ಮುಖ ನೋಡಿದ. ಅದು ತಲೆ ಆಡಿಸಿ ಉತ್ತರಿಸುವ ಪ್ರಶ್ನೆಯಾಗಿರಲಿಲ್ಲ. ಅಕ್ಕನ ತಲೆಗೆ ಯಾವ ಕಡೆ ಆಡಬೇಕೆಂದು ತಿಳಿಯದೆ ಅದು ವೃತ್ತಾಕಾರವಾಗಿ ತಿರುಗಿತು. ಹತ್ತಿಯಣ್ಣನೂ ಪ್ರಾಮಾಣಿಕವಾಗಿ ಒಂದು ಸುತ್ತು ತಿರುಗಿಸಿದ. ಡಾಕ್ಟರು ಕಾದರು. ಕೊನೆಗೆ ಬೇರೆ ದಾರಿ ಕಾಣದೆ ಅವನು ಬಾಯಿ ಬಿಟ್ಟ.

"ಇಲಿ ಕಾಟ ಇತ್ತು."

"ಏನಂದ್ರಿ?"

"ಗೋದಾಮಲ್ಲಿ ಇಲಿ. ಹತ್ತಿಯೆಲ್ಲ ಹಾಳು ಮಾಡ್ತಿದ್ವು. ಪಾಷಾಣ ಇಟ್ಟೆ, ಬೋನು ಇಟ್ಟೆ, ಬೆಕ್ಕು ಸಾಕಿದೆ. ಬೆಕ್ಕಿಗೆ ಹತ್ತಿ ಮೇಲೆ ನಿದ್ದೆ ಬರ್ತಿತ್ತು. ಒಂದಿನ ಇವರು ಆಚೆ ರಸ್ತೇಲಿ ಬಾರಿಸ್ತಿದ್ರು. ಚರಂಡಿಯಿಂದ ಇಲಿಗಳು ಓಡಿಹೋಗಿದ್ದು ನೋಡಿದೆ. ಒಳಗೆ ಬಂದು ಬಾರಿಸ್ರಪ್ಪಾ ಅಂದೆ."

ಕತ್ತರಿ ಗೋಡೆ ಹಿಡಿದುಕೊಂಡು ನಕ್ಕ. "ಕೇಳಿದ್ರಾ ಡಾಕ್ಟ್ರೇ? ಕಲೆಗೆ ಆಶ್ರಯ ಅಂದ್ರೆ ಇದು. ಅಕ್ಕಾ, ಬೋರ್ಡು ಬರೆಸಿಬಿಡಿ, ಇಲಿ ಪಾಷಾಣ ಇಲ್ಲೇ ಹುಟ್ಟಿತು ಅಂತ."

ಅಕ್ಕ ಕಣ್ಣು ಮುಚ್ಚಿದಳು. ಬೀಗಿತ್ತಿಯ ಮನೆಯ ಲೋಟ, ಫ್ಯಾನು, ಮೂಲೆ ಕೋಣೆ ಎಲ್ಲ ಅವಳ ರೆಪ್ಪೆಯ ಒಳಗೆ ಸಾಲಾಗಿ ಬಂದು ನಿಂತಿರಬೇಕು.

ಆದರೆ ಡಾಕ್ಟರು ನಗಲಿಲ್ಲ. "ಎಲ್ಲಾ ಹೋದ್ವಾ?" ಎಂದು ಪಿಸುಗುಟ್ಟಿದರು.

"ಒಂದೂ ಉಳೀಲಿಲ್ಲ. ಆ ಡ್ರಮ್ಮಿನ ಹುಡುಗ ಮಾತ್ರ ಬೇಜಾರು ಮಾಡ್ಕೊಂಡ. ಒಂದು ಮರಿಗೆ ದಿನಾ ಬಿಸ್ಕತ್ತು ಹಾಕ್ತಿದ್ದ."

ಡಾಕ್ಟರು ಎದೆಯ ಮೇಲೆ ಕೈಯಿಟ್ಟುಕೊಂಡು, ಬ್ಯಾಂಡಿನ ಮೊದಲ ಹಾಡಿನ ಸಾಲನ್ನು ಮೆಲ್ಲಗೆ ಹೇಳಿದರು. "ಮನೆ ಬಿಟ್ಟು ಹೋದ ಪುಟ್ಟ ಪಾದಗಳೇ, ಗೋಡೆಗಳು ನಿಮ್ಮನ್ನು ಕೇಳುತ್ತಿವೆ." ಆಮೇಲೆ ಬಸ್ಸಮ್ಮನ ಕಡೆ ತಿರುಗಿದರು. "ಇದು ಯುದ್ಧದಲ್ಲಿ ಊರು ಬಿಟ್ಟ ಮಕ್ಕಳ ಹಾಡು ಅಂತ ನಾನು ಸಂಘದಲ್ಲಿ ಉಪನ್ಯಾಸ ಕೊಟ್ಟಿದ್ದೆ. ಜನ ಅತ್ತಿದ್ರು. ನಾನೂ ಅತ್ತಿದ್ದೆ."

"ಈಗ?"

"ಈಗ ಇಲಿಮರಿಗೋಸ್ಕರ ಇನ್ನೊಂದ್ಸಲ ಅಳಬೇಕು."

ಬಸ್ಸಮ್ಮ ಲೆಕ್ಕಾಚಾರದ ಹೆಂಗಸು. ಬಸ್ಸು ಈ ಬಾಗಿಲಲ್ಲಿ ನಿಲ್ಲಿಸುವುದೇನೋ ಸರಿ, ಗೋದಾಮು ತೋರಿಸೋಣ, ಇಲಿ ಕಥೆ ಹೇಳೋಣ ಎಂದಳು. ರಾತ್ರಿ ಉಳಿಯುವುದು ಮಾತ್ರ ಬೇರೆ ಮಾತು. ಲಾಡ್ಜಿನಲ್ಲಿ ಲಿಫ್ಟ್ ಇದೆ, ಬಿಸಿನೀರು ತಿರುಗಿಸಿದರೆ ಬರುತ್ತದೆ. ಇಲ್ಲಿ ಏನಿದೆ?

"ನಿದ್ದೆ ಇದೆ," ಎಂದರು ಡಾಕ್ಟರು. "ನಾನು ಇಂಥ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ. ಕೆನ್ನೆ ಇಟ್ಟ ಕಡೆ ಮೆತ್ತಗೆ, ಕುತ್ತಿಗೆ ಇಟ್ಟ ಕಡೆ ಗಟ್ಟಿಗೆ. ಬೇರೆ ದಿಂಬಿನ ಮೂಲೆಯೆಲ್ಲ ಮೇಕೆ ಕಿವಿ ಥರ ಖಾಲಿ ಜೋತುಬೀಳುತ್ತೆ. ಇದರ ಮೂಲೆ ತುಂಬಿಕೊಂಡಿತ್ತು."

ಕತ್ತರಿಗೆ ಆಟ ಕೈ ತಪ್ಪುತ್ತಿರುವುದು ಕಂಡಿತು. ಕೊನೆಯ ಬಾಣ ಬಿಟ್ಟ.

"ಎಲ್ಲಾ ಸರಿ ಡಾಕ್ಟ್ರೇ. ನಿನ್ನೆ ಅಕ್ಕ ನಿಮಗೆ ಕಿವಿ ಕಥೆ ಹೇಳಿರ್ತಾರೆ. ಬೆಳದಿಂಗಳು ಇತ್ತಾ? ಇರುತ್ತೆ. ಅದನ್ನ ಅವನ ಬಾಯಿಂದಲೇ ಒಂದ್ಸಲ ಕೇಳಿ. ಅಣ್ಣಾ, ಹೇಳಣ್ಣ. ನಿನ್ನ ಎಡಗಿವಿಲಿ ಹತ್ತಿ ಯಾಕಿದೆ?"

ಇಡೀ ಊರು ಯಾವ ಬಾಗಿಲನ್ನು ಇಷ್ಟು ವರ್ಷ ತಟ್ಟದೆ ಬಿಟ್ಟಿತ್ತೋ ಅದನ್ನು ಕತ್ತರಿ ಒದ್ದಿದ್ದ. ಅಕ್ಕ ಕಂಬ ಬಿಟ್ಟು ನೆಟ್ಟಗೆ ನಿಂತಳು. ಈ ಬಾರಿ ತಲೆಯನ್ನು ಸ್ಪಷ್ಟವಾಗಿ, ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಆಡಿಸಿದಳು. ಆದರೆ ಹತ್ತಿಯಣ್ಣ ಅವಳನ್ನು ನೋಡುತ್ತಿರಲಿಲ್ಲ. ಹೊಲಿಗೆ ದಿಂಬಿನ ಕೊನೆಯ ಮೂಲೆಗೆ ಬಂದಿತ್ತು. ಆ ಹೊತ್ತಿನಲ್ಲಿ ಅವನು ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತುವವನಲ್ಲ. ಬಲಗೈಯಲ್ಲಿ ಡಬ್ಬಣವನ್ನು ತಡೆದು, ಎಡಗೈ ಎತ್ತಿ, ಎಡಗಿವಿಯಿಂದ ಹತ್ತಿ ಕಿತ್ತ. ಮೂಲೆಯೊಳಗೆ ತುರುಕಿದ. ಹೆಬ್ಬೆರಳಿನಿಂದ ಒತ್ತಿ, ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದ. ಡಾಕ್ಟರು ಆ ಹಲ್ಲನ್ನೂ ಗಮನಿಸಿದರು.

"ಇದಕ್ಕೆ," ಎಂದ. "ಕೊನೇ ಮೂಲೆ ಯಾವಾಗಲೂ ಖಾಲಿ ಉಳಿಯುತ್ತೆ. ಎದ್ದುಹೋಗಿ ರಾಶಿಯಿಂದ ತರೋಣ ಅಂದ್ರೆ ದಿಂಬು ಬಾಯಿ ಬಿಡುತ್ತೆ. ಬಡಗಿ ಕಿವಿ ಮೇಲೆ ಪೆನ್ಸಿಲ್ ಇಟ್ಕೊಳ್ಳಲ್ವಾ? ಬಲಗೈಲಿ ಡಬ್ಬಣ ಇರುತ್ತೆ, ಎಡಗೈಗೆ ಎಡಗಿವಿ ಹತ್ತಿರ."

ಎದ್ದುಹೋಗಿ ರಾಶಿಯಿಂದ ಹೊಸ ತುಣುಕು ಕಿತ್ತು ತಂದು, ಉಂಡೆ ಮಾಡಿ, ಕಿವಿಗಿಟ್ಟುಕೊಂಡು ಮುಂದಿನ ದಿಂಬು ಎಳೆದುಕೊಂಡ.

ಡಾಕ್ಟರ ಕೈ ನಿಧಾನವಾಗಿ ತಮ್ಮದೇ ಕೆನ್ನೆಗೆ ಹೋಯಿತು. "ಮೇಲಿನ ಕೋಣೆ ದಿಂಬು?"

"ಎಲ್ಲಾ ದಿಂಬೂ."

"ಅಂದ್ರೆ ನಾನು ರಾತ್ರಿಯೆಲ್ಲ ಕೆನ್ನೆ ಇಟ್ಟಿದ್ದು…"

"ತೊಳೆದ ಕಿವಿನೇ," ಎಂದ ಹತ್ತಿಯಣ್ಣ.

ಕತ್ತರಿ ಗೆದ್ದವನಂತೆ ಎರಡೂ ಕೈ ಮೇಲೆತ್ತಿದ. "ಥೂ. ನಮ್ಮ ಭಾವಮೈದುನನ ಲಾಡ್ಜಲ್ಲಿ ಹೊಚ್ಚ ಹೊಸ ದಿಂಬು ಡಾಕ್ಟ್ರೇ. ಯಾರ ಕಿವಿದೂ ಅಲ್ಲ."

"ಅದೇ ಅದರ ದೋಷ," ಎಂದರು ಡಾಕ್ಟರು. ಅವರ ಮುಖದಲ್ಲಿ ಒಂದು ಕಾಂತಿ ಬಂದಿತ್ತು. "ಮೊದಲ ಹಾಡು ಕೇಳಿದ ಕಿವಿಯಿಂದ ಬಂದ ಹತ್ತಿ ಇದು. ಅದರ ಮೇಲೆ ತಲೆ ಇಟ್ಟು ಮಲಗೋ ಭಾಗ್ಯ ಇನ್ನೆಲ್ಲಿ ಸಿಗುತ್ತೆ? ನೋಡಮ್ಮಾ, ನಮ್ಮ ಸಂಘದವರು ಬೇರೆ ಕಡೆ ಮಲಗೋದಿಲ್ಲ. ಲಿಫ್ಟು ಬೇಕಾದವರು ಆಸ್ಪತ್ರೆಗೆ ಹೋಗಲಿ."

ಬಸ್ಸಮ್ಮ ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದ ನಗುವನ್ನು ಬಿಟ್ಟಳು. ಮಡಿಸಿಟ್ಟ ಹಾಸಿಗೆ ಅವಳ ಕೆಳಗೆ ಕುಣಿಯಿತು. ಕಣ್ಣೊರೆಸಿಕೊಂಡು ಹತ್ತಿಯಣ್ಣನನ್ನು ಕೇಳಿದಳು, "ಅಣ್ಣಾ, ಈ ಮೂಲೆ ತುಂಬೋದನ್ನ ಬಸ್ಸು ಬಂದಾಗಲೆಲ್ಲ ತೋರಿಸ್ತೀರಾ?"

"ದಿಂಬು ಆ ಮೂಲೆಗೆ ಬಂದಿದ್ರೆ."

"ಸರಿ. ರಾತ್ರಿ ಇಲ್ಲೇ," ಎಂದಳು ಬಸ್ಸಮ್ಮ. "ಅಕ್ಕಾ, ಬರೋ ವಾರದಿಂದ ಕೋಣೆ ಸಿದ್ಧ ಇಡಿ."

ಕತ್ತರಿ ತನ್ನ ಅರ್ಧ ಗಡ್ಡದ ಗಿರಾಕಿಯನ್ನು ನೆನಪಿಸಿಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ತನ್ನ ಎಡಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡದ್ದನ್ನು ನಮ್ಮ ಬೀದಿಯವರು ನೋಡಿದ್ದಾರೆ. ಅಕ್ಕ ಅಲ್ಲೇ ನಿಂತು ಮಗಳಿಗೆ ಫೋನು ಮಾಡಿದಳು. "ಹಲೋ, ನಿಮ್ಮ ಅತ್ತೆಗೆ ಹೇಳು, ಆ ಮೂಲೆ ಕೋಣೇಲಿ ಬಟ್ಟೆ ಇಸ್ತ್ರಿ ಮಾಡ್ಕೊಳ್ಳಲಿ. ಇಲ್ಲಿ ನನಗೆ ಪುರುಸೊತ್ತಿಲ್ಲ." ಆಮೇಲೆ ಈ ಗಲಾಟೆಯಲ್ಲಿ ಮೆಟ್ಟಿಲ ಕೆಳಗೇ ಉಳಿದಿದ್ದ ಸೂಟ್‌ಕೇಸನ್ನು ಎತ್ತಿ, ಮೊದಲ ಬಾರಿಗೆ ತಾನೇ ಅಟ್ಟದ ಮೇಲೆ ಇಟ್ಟಳು.

ಬಂದವರು ಗೋದಾಮು ನೋಡಲು ಹಿಂದಕ್ಕೆ ಹೋದರು. ಅಂಗಡಿಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಅಕ್ಕ ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಎಡಗಿವಿಯನ್ನು ಈಗಷ್ಟೇ ಕಂಡವಳಂತೆ ನೋಡಿದಳು. ಎಷ್ಟು ಬೆಳದಿಂಗಳು ಸುರಿದಿದ್ದಳು ಅದರೊಳಗೆ, ಎಷ್ಟು ನರ ಎಳೆದಿದ್ದಳು.

"ಅಲ್ವೋ, ಒಂದೇ ಮನೇಲಿದ್ದೀವಿ. ನಾನು ಊರಿಗೆಲ್ಲ ಏನೇನೋ ಹೇಳ್ಕೊಂಡು ಓಡಾಡ್ತಿದ್ದೆ. ಹತ್ತಿ ಇಟ್ಕೊಳ್ಳೋದು ಇದಕ್ಕೆ ಅಂತ ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಹತ್ತಿಯಣ್ಣ ಡಬ್ಬಣಕ್ಕೆ ದಾರ ಪೋಣಿಸಿದ.

"ದಿನಾ ಎಲ್ಲರಿಗೂ ನೀನೇ ಅದನ್ನ ಹೇಳ್ತಿದ್ದೆಯಲ್ಲ ಅಕ್ಕಾ," ಎಂದ. "ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ."